ಕೊಡಗಿನ ಮದುಮಗಳಿಗೆ ತುರುಬೋ, ಮೊಗ್ಗಿನ ಜಡೆಯೋ?

ಪ್ರಶ್ನೆ: ಬರುವ ಏಪ್ರಿಲ್ ಕೊನೆಯ ವಾರದಲ್ಲಿ ಪೊನ್ನಂಪೇಟೆಯಲ್ಲಿ ನನ್ನ ಮದುವೆ. ನನ್ನ ಕೂದಲು ಭುಜದಿಂದ ಸ್ವಲ್ಪ ಕೆಳಗಿನವರೆಗೆ ಮಾತ್ರ ಇದೆ. ಮೈಸೂರಿನಲ್ಲಿ ಓದುತ್ತಿದ್ದಾಗ ಗೆಳತಿಯರ ಮದುವೆಗಳಲ್ಲಿ ಕಂಡ ಮೊಗ್ಗಿನ ಜಡೆ ನನಗೂ ಬೇಕೆಂಬ ಆಸೆ ಅಂದಿನಿಂದಲೂ ಇದೆ. ತಲೆಗೆ ವಸ್ತ್ರ ಹೊದ್ದ ಮೇಲೆ ಜಡೆ ಯಾರಿಗೆ ಕಾಣುತ್ತದೆ, ತುರುಬು ಸಾಕು ಎಂದು ಅವ್ವ ಹೇಳುತ್ತಾರೆ. ಪಾರ್ಲರಿನಲ್ಲಿ ತೋರಿಸುವ ಫೋಟೋಗಳಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಮುಹೂರ್ತಕ್ಕೂ ಗಂಗಾಪೂಜೆಗೂ ಕತ್ತಿನ ಬುಡಕ್ಕಿಂತ ಸ್ವಲ್ಪ ಮೇಲೆ ಕೂರುವ, ಹೆಚ್ಚು ಉಬ್ಬಿಲ್ಲದ ತುರುಬನ್ನೇ ಆರಿಸಿಕೊಳ್ಳಿ. ಮೊಗ್ಗಿನ ಜಡೆಯ ಆಸೆಯನ್ನು ಬಿಡಬೇಕಾಗಿಲ್ಲ, ಅದಕ್ಕೆ ಬೇರೆ ಹೊತ್ತನ್ನು ಗೊತ್ತುಮಾಡಿಕೊಂಡರೆ ಸಾಕು. ನಿಮ್ಮ ಅವ್ವನ ತೀರ್ಮಾನ ಸರಿಯಾಗಿದೆ. ಆದರೆ ಜಡೆ ಯಾರಿಗೂ ಕಾಣುವುದಿಲ್ಲ ಎನ್ನುವುದು ಆ ತೀರ್ಮಾನಕ್ಕಿರುವ ಕಾರಣಗಳಲ್ಲಿ ತೀರ ಚಿಕ್ಕದು.

ಪಾರ್ಲರಿನ ಫೋಟೋಗಳಲ್ಲಿ ಕಾಣುವುದು ಅಲಂಕಾರ ಮುಗಿದ ಮರುಗಳಿಗೆಯ ತಲೆ. ಆ ತಲೆ ಮುಂದಿನ ಹನ್ನೆರಡು ಗಂಟೆಗಳಲ್ಲಿ ಏನೇನನ್ನು ಹೊರಬೇಕು, ಎಷ್ಟು ಸಲ ಬಾಗಬೇಕು, ಅದರ ಮೇಲೆ ಏನೇನು ಬೀಳುತ್ತದೆ ಎಂಬುದು ಅಲ್ಲಿ ಕಾಣುವುದಿಲ್ಲ. ಕೊಡವ ಮದುವೆಯಲ್ಲಿ ಪುರೋಹಿತರಿಲ್ಲ, ಹೋಮವಿಲ್ಲ. ಹಿರಿಯರ ಆಶೀರ್ವಾದವೇ ಮದುವೆ. ಆ ಆಶೀರ್ವಾದವೆಲ್ಲವೂ ಮದುಮಗಳ ಮೈಮೇಲೆ, ಅದರಲ್ಲೂ ತಲೆಯ ಮೇಲೆ ಇಳಿಯುತ್ತದೆ. ಆದ್ದರಿಂದ ಮುಖದ ಆಕಾರ ದುಂಡಗಿದೆಯೋ ಉದ್ದಗಿದೆಯೋ ಎಂಬ ಲೆಕ್ಕಕ್ಕಿಂತ ಮೊದಲು ಆ ದಿನದ ಒಂದೊಂದು ಶಾಸ್ತ್ರವನ್ನೂ ಮನಸ್ಸಿನಲ್ಲಿ ನಡೆಸಿ ನೋಡಿ, ಅಲ್ಲಿಂದ ಕೇಶಾಲಂಕಾರಕ್ಕೆ ಬರುವುದು ಸರಿಯಾದ ದಾರಿ ಎಂದು ನಾನು ನಂಬಿದ್ದೇನೆ.

ಮೊದಲನೆಯದು ವಸ್ತ್ರ. ಕೆಂಪು ರೇಷ್ಮೆ ಸೀರೆಗೆ ಹೊಂದುವ, ಜರಿಯಂಚಿನ ಈ ತಲೆವಸ್ತ್ರವು ಹಣೆಯ ಮೇಲಿನಿಂದ ಹಿಂದಕ್ಕೆ ಹೊದ್ದು ಹಿಂದೆ ನಿಲ್ಲಬೇಕು. ಅದನ್ನು ಹಿಡಿದು ನಿಲ್ಲಿಸುವುದು ಕೂದಲೇ. ನೆತ್ತಿಯ ಮೇಲೆ ಎತ್ತರಕ್ಕೆ ಕಟ್ಟಿದ ತುರುಬಿನಿಂದ ವಸ್ತ್ರವು ಗುಡಾರದಂತೆ ಎದ್ದು ನಿಲ್ಲುತ್ತದೆ, ಸ್ವಲ್ಪ ತಲೆ ಬಾಗಿಸಿದರೂ ಹಿಂದಕ್ಕೋ ಪಕ್ಕಕ್ಕೋ ಜಾರುತ್ತದೆ. ಕೂದಲನ್ನು ಪೂರ್ತಿ ಬಿಟ್ಟರೆ ಪಿನ್ನುಗಳಿಗೆ ಹಿಡಿತವೇ ಸಿಗುವುದಿಲ್ಲ. ಕೆಳಗೆ ಕೂತ ತುರುಬಾದರೆ ವಸ್ತ್ರವು ನೆತ್ತಿಯನ್ನು ಅಪ್ಪಿಕೊಂಡು ಇಳಿದು, ತುರುಬಿನ ಉಬ್ಬಿಗೆ ಆತು ನಿಲ್ಲುತ್ತದೆ. ಕೂದಲು ತೀರ ನಯವಾಗಿದ್ದರೆ ನೆತ್ತಿಯ ಹಿಂಭಾಗದಲ್ಲಿ ಕಿವಿಯಿಂದ ಕಿವಿಗೆ ತೆಳುವಾದ ಒಂದು ಹೆಣಿಗೆಯನ್ನು ಮೊದಲೇ ಹೆಣೆದು ಪಿನ್ ಮಾಡಿಸಿಕೊಳ್ಳಿ. ವಸ್ತ್ರದ ಪಿನ್ನುಗಳನ್ನು ಆ ಹೆಣಿಗೆಗೆ ಸಿಕ್ಕಿಸಿದರೆ ಅವು ಸಂಜೆಯವರೆಗೂ ಅಲುಗುವುದಿಲ್ಲ. ಪಿನ್ನಿನ ಅಲೆಯಂತಿರುವ ಬದಿಯು ತಲೆಯ ಕಡೆಗಿರಬೇಕು ಎಂಬುದನ್ನೂ, ಎರಡು ಪಿನ್ನುಗಳನ್ನು ಒಂದರ ಮೇಲೊಂದು ಅಡ್ಡವಾಗಿ ಹಾಕಿದರೆ ಹಿಡಿತ ಬಿಗಿಯಾಗುತ್ತದೆ ಎಂಬುದನ್ನೂ ಅಲಂಕಾರ ಮಾಡುವವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ವಸ್ತ್ರವನ್ನು ಹೊದಿಸುವುದು ಸಾಮಾನ್ಯವಾಗಿ ಮನೆಯ ಹೆಂಗಸರಾದ್ದರಿಂದ ಅವರಿಗೆ ಇದು ಗೊತ್ತಿರಲಿ.

ಎರಡನೆಯದು ಅಕ್ಕಿ. ಮುಕ್ಕಾಲಿಯ ಮೇಲೆ ಕುಳಿತ ನಿಮಗೆ ಮೊದಲು ಹೆತ್ತವರು, ಆಮೇಲೆ ನೆಂಟರಿಷ್ಟರು ಸಾಲಾಗಿ ಬಂದು ಮಂಡಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕಿ, ಕಿಂಡಿ ಎಂಬ ಮೂತಿಯಿರುವ ಪಾತ್ರೆಯಿಂದ ಹಾಲು ಕುಡಿಸಿ, ಕಾಣಿಕೆ ಕೊಟ್ಟು ಹರಸುತ್ತಾರೆ. ಬಂದವರೆಲ್ಲರೂ ಹೀಗೆ ಹರಸುವುದರಿಂದ ಇದು ಬೇಗ ಮುಗಿಯುವ ಕೆಲಸವಲ್ಲ. ಹಣೆಯ ಎರಡೂ ಬದಿಯಲ್ಲಿ ಸುರುಳಿ ಮಾಡಿ ಇಳಿಬಿಟ್ಟ ಕೂದಲಿನಲ್ಲಿಯೂ, ಸ್ಪ್ರೇ ಹೊಡೆದು ಇನ್ನೂ ಅಂಟಂಟಾಗಿರುವ ಮುಂಗೂದಲಿನಲ್ಲಿಯೂ ಅಕ್ಕಿಕಾಳು ಸಿಕ್ಕಿಕೊಂಡರೆ ಅದನ್ನು ಪ್ರತಿಸಲ ಬೆರಳಿನಿಂದ ತೆಗೆಯುತ್ತ ಕೂರುವುದು ಕಷ್ಟ. ಆದ್ದರಿಂದ ಮುಂಭಾಗದ ಕೂದಲನ್ನು, ನಡು ಬೈತಲೆಯಾಗಲಿ ಓರೆ ಬೈತಲೆಯಾಗಲಿ, ನಯವಾಗಿ ಹಿಂದಕ್ಕೆ ಬಾಚಿಸಿ, ವಸ್ತ್ರ ಹೊದೆಯುವ ಮೊದಲೇ ಸ್ಪ್ರೇ ಪೂರ್ತಿ ಒಣಗುವಷ್ಟು ಸಮಯ ಇಟ್ಟುಕೊಳ್ಳಿ. ಬೈತಲೆ ಬೊಟ್ಟು ಇಡುವವರು ಅದರ ಕೊಕ್ಕೆಯನ್ನು ವಸ್ತ್ರಕ್ಕೆ ಸಿಕ್ಕಿಸದೆ ಕೂದಲಿಗೇ ಸಿಕ್ಕಿಸಬೇಕು. ಇಲ್ಲವಾದರೆ ವಸ್ತ್ರ ಒಂದಿಷ್ಟು ಸರಿದಾಗಲೆಲ್ಲ ಬೊಟ್ಟೂ ಅದರೊಡನೆ ಸರಿಯುತ್ತದೆ.

ಮೂರನೆಯದೇ ಮುಖ್ಯವಾದದ್ದು, ಮತ್ತು ಬೇರೆ ಊರಿನಿಂದ ಬರುವ ಅಲಂಕಾರದವರಿಗೆ ಯಾರೂ ಮೊದಲೇ ತಿಳಿಸದೆ ಬಿಡುವುದು: ಗಂಗಾಪೂಜೆ. ಗಂಡನ ಮನೆಯ ಬಾವಿಯ ಬಳಿ ತೆಂಗಿನಕಾಯಿ ಒಡೆದು ಪೂಜಿಸಿ, ನೀರು ತುಂಬಿದ ಪಾತ್ರೆಗಳನ್ನು ತಲೆಯ ಮೇಲೆ ಹೊತ್ತು ಮನೆಯೊಳಕ್ಕೆ ತರುವ ಈ ಶಾಸ್ತ್ರದಲ್ಲಿ ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತ ಮದುಮಗಳ ದಾರಿಯನ್ನು ತಡೆಯುತ್ತಾರೆ. ನಾಲ್ಕು ಹೆಜ್ಜೆ ಮುಂದಿಟ್ಟರೆ ಮತ್ತೆ ನಿಲ್ಲಬೇಕು. ಕುಣಿಯುವವರಿಗೆ ಉತ್ಸಾಹ ಇರುವವರೆಗೆ ಇದು ನಡೆಯುತ್ತದೆ, ಗಂಟೆಗಟ್ಟಲೆ ನಡೆಯುವುದೂ ಉಂಟು. ಈಗ ಕಲ್ಯಾಣ ಮಂಟಪದಲ್ಲಿಯೇ ಇದನ್ನು ನಡೆಸುವುದು ಹೆಚ್ಚಾಗಿದ್ದರೂ ಹೊರುವ ಭಾರವೇನೂ ಕಡಿಮೆಯಾಗಿಲ್ಲ. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕವಿರುವುದರಿಂದ, ಮೂರು ಲೀಟರಿನ ಸಣ್ಣ ಪಾತ್ರೆಯೊಂದೇ ಆದರೂ ಲೋಹದ ತೂಕ ಸೇರಿ ಮೂರು ಕಿಲೋ ಮೀರುತ್ತದೆ. ಆ ಭಾರವು ನೆತ್ತಿಯ ಮೇಲೆ ನೇರವಾಗಿ ಇಳಿಯಬೇಕು. ನೆತ್ತಿಯಲ್ಲಿ ಪಿನ್ನುಗಳಿದ್ದರೆ ಅವು ಚರ್ಮಕ್ಕೆ ಒತ್ತುತ್ತವೆ. ಕೂದಲನ್ನು ಹಿಂಬಾಚಿ ಉಬ್ಬಿಸಿದ್ದರೆ ಪಾತ್ರೆಗೆ ಸಮವಾದ ನೆಲೆ ಸಿಗದೆ ಕತ್ತು ಅದನ್ನು ಸರಿದೂಗಿಸುತ್ತ ದಣಿಯುತ್ತದೆ. ಬೆಳಿಗ್ಗೆಯಿಂದ ಭಾರವಾದ ಜಡೆಯನ್ನು ಹೊತ್ತಿದ್ದ ಕತ್ತಿಗೆ ಸಂಜೆ ಇದೊಂದು ಹೊಸ ಹೊರೆ. ಆದ್ದರಿಂದ ನೆತ್ತಿಯ ಮೇಲೆ ಅಂಗೈಯಗಲದಷ್ಟು ಜಾಗವನ್ನು ಪಿನ್ನಿಲ್ಲದೆ, ಉಬ್ಬಿಲ್ಲದೆ ಬಿಡಬೇಕೆಂದು ಅಲಂಕಾರದವರಿಗೆ ಸ್ಪಷ್ಟವಾಗಿ ಹೇಳಿ. ಪಾತ್ರೆಯ ಕೆಳಗಿಡುವ ಸಿಂಬಿಯನ್ನು ಮೆತ್ತನೆಯ ಹತ್ತಿಯ ಬಟ್ಟೆಯಿಂದ ಮೊದಲೇ ಸುತ್ತಿಸಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಸುತ್ತಲೂ ನಿಂತು ಸಂತೋಷಪಡುವವರಿಗೆ ನಿಮ್ಮ ತಲೆಯ ನೋವು ತಿಳಿಯುವುದಿಲ್ಲ, ಮತ್ತು ಈ ಶಾಸ್ತ್ರವನ್ನು ನೀವೂ ಅವರಷ್ಟೇ ಸಂತೋಷದಿಂದ ಅನುಭವಿಸಬೇಕು ಎಂಬುದೇ ನನ್ನ ಆಗ್ರಹ.

ಇನ್ನು ಸೀರೆಯ ವಿಚಾರ. ಕೊಡಗಿನ ಸೀರೆಯ ನೆರಿಗೆ ಹಿಂದಿದೆ. ಬಲಮುರಿಯಲ್ಲಿ ಕಾವೇರಿ ಹರಿದ ರಭಸಕ್ಕೆ ಹೆಂಗಸರ ನೆರಿಗೆಗಳು ಹಿಂದಕ್ಕೆ ಸರಿದವೆಂಬ ಐತಿಹ್ಯವನ್ನು ನೀವು ಮನೆಯಲ್ಲಿ ಕೇಳಿಯೇ ಇರುತ್ತೀರಿ. ಉಡುಗೆಯ ಸೊಗಸು ಬೆನ್ನಿನ ಕಡೆಗಿರುವಾಗ ಸೊಂಟದವರೆಗೆ ಇಳಿಯುವ ದಪ್ಪನೆಯ ಮೊಗ್ಗಿನ ಜಡೆಯು ಆ ನೆರಿಗೆಯ ಮೇಲೆಯೇ ಬಂದು ನಿಲ್ಲುತ್ತದೆ. ಎರಡೂ ಚೆನ್ನಾಗಿದ್ದು ಒಂದನ್ನೊಂದು ಮರೆಮಾಡುತ್ತವೆ. ಮುಂದೆ ನೆರಿಗೆ ಹಿಡಿದು ಎಡಭುಜಕ್ಕೆ ಸೆರಗು ಹಾಕುವ ಉಡುಗೆಯಲ್ಲಿ ಬೆನ್ನು ಬರಿದಾಗಿರುವುದರಿಂದಲೇ ಮೈಸೂರಿನ ಕಡೆ ಮೊಗ್ಗಿನ ಜಡೆ ಅಷ್ಟು ಶೋಭಿಸುತ್ತದೆ. ಜಡೆಯನ್ನು ಮುಂದಕ್ಕೆ ಹಾಕಿಕೊಳ್ಳೋಣವೆಂದರೆ, ನಮ್ಮ ಸೆರಗು ಎಡತೋಳಿನ ಕೆಳಗಿನಿಂದ ಎದೆಯ ಮೇಲೆ ಬಂದು ಬಲಭುಜದಲ್ಲಿ ಸಿಕ್ಕಿಕೊಳ್ಳುವುದರಿಂದ ಬಲಕ್ಕೆ ಹಾಕಿದ ಜಡೆ ಆ ಪಿನ್ನಿಗೆ ತೊಡರುತ್ತದೆ. ಎಡಕ್ಕೆ ಹಾಕಬಹುದು, ಆದರೆ ಅಲ್ಲಿ ಜೋಮಾಲೆ, ಕೊಕ್ಕೆತಾತಿ, ಪತ್ತಾಕ್ ಎಂಬ ಕೊರಳಿನ ಒಡವೆಗಳೆಲ್ಲವೂ ಕೂಡಿರುತ್ತವೆ. ಮದುಮಗಳ ಕೊರಳಿಗೆ ಪತ್ತಾಕ್ ಕಟ್ಟುವವಳು ತಾಯಿ. ಆಕೆಯ ಕೈ ಕತ್ತಿನ ಹಿಂದೆ ಸಲೀಸಾಗಿ ಆಡುವಂತಿರಬೇಕು. ತುರುಬು ಕತ್ತಿನ ಬುಡಕ್ಕಿಂತ ಎರಡು ಬೆರಳಷ್ಟು ಮೇಲಿರಲಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ತುರುಬು ತೀರ ಕೆಳಗಿದ್ದರೆ ರವಿಕೆಯ ಕೊರಳಪಟ್ಟಿಗೆ ಉಜ್ಜಿ ಸಡಿಲವೂ ಆಗುತ್ತದೆ.

ನಿಮ್ಮ ಕೂದಲಿನ ಉದ್ದದ ಬಗ್ಗೆ ಚಿಂತೆ ಬೇಡ. ಭುಜದ ಕೆಳಗಿಳಿಯುವ ಕೂದಲು ಇಂತಹ ತುರುಬಿಗೆ ಧಾರಾಳವಾಗಿ ಸಾಕು. ಕೂದಲು ತೆಳುವಾಗಿದ್ದರೆ ಒಳಗೆ ಸ್ಪಂಜಿನ ಬಳೆಯನ್ನೋ ಹಗುರವಾದ ಸಣ್ಣ ಚವುರಿಯನ್ನೋ ಇಟ್ಟು ಸುತ್ತಬಹುದು. ಮೊಗ್ಗಿನ ಜಡೆಗಾದರೆ ಉದ್ದದ ಚವುರಿ ಬೇಕು, ಅದರ ಮೇಲೆ ಹೂವಿನ ತೂಕ, ಜಡೆಬಿಲ್ಲೆಯ ತೂಕ. ಅಷ್ಟನ್ನೂ ಹೊರುವುದು ತಲೆಯ ಹಿಂಭಾಗದ ಒಂದು ಹಿಡಿ ಕೂದಲಿನ ಬೇರು. ದಿನವಿಡೀ ಹೀಗೆ ಜಗ್ಗಿದರೆ ತಲೆನೋವು ಬರುವುದು ಸಹಜ.

ಗುಂಗುರು ಕೂದಲಿನವರಿಗೂ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ ಬಿಸಿಲಿದ್ದು ಸಂಜೆ ಗುಡುಗಿ ಮಳೆ ಸುರಿಯುವುದು ಕೊಡಗಿಗೆ ಹೊಸತಲ್ಲ. ಬಿಸಿಯ ಉಪಕರಣದಿಂದ ಕೂದಲು ನೇರವಾಗುವುದು ಕೂದಲಿನ ಒಳಗಿನ ಹೈಡ್ರೋಜನ್ ಬಂಧಗಳು ಬಿಡಿಸಿಕೊಂಡು ಹೊಸ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುವುದರಿಂದ. ಗಾಳಿಯ ತೇವವನ್ನು ಹೀರಿದೊಡನೆ ಅದೇ ಬಂಧಗಳು ಸಡಿಲಗೊಂಡು ಕೂದಲು ತನ್ನ ಹುಟ್ಟು ಆಕಾರಕ್ಕೆ ಮರಳುತ್ತದೆ. ಬೆಳಿಗ್ಗೆ ಕಷ್ಟಪಟ್ಟು ನೇರ ಮಾಡಿದ ಮುಂಗೂದಲು ಸಂಜೆಯ ಮಳೆಗಾಳಿಗೆ ಕೆದರಿ ನಿಲ್ಲುವುದಕ್ಕಿಂತ, ಗುಂಗುರನ್ನು ಇದ್ದಂತೆಯೇ ಸುತ್ತಿ ತುರುಬು ಮಾಡುವುದು ಲೇಸು. ಅದಕ್ಕೆ ಉಬ್ಬೂ ಇದೆ, ಪಿನ್ನಿಗೆ ಹಿಡಿತವೂ ಇದೆ. ಮದುವೆಗೆಂದು ಹೊಸದಾಗಿ ಬಣ್ಣ ಹಾಕಿಸುವವರು ಕನಿಷ್ಠ 48 ಗಂಟೆ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಪರೀಕ್ಷಿಸಲೇಬೇಕು, ಏಕೆಂದರೆ ಗಾಢ ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕವು ಕೆಲವರಲ್ಲಿ ಮುಖ ಊದಿಕೊಳ್ಳುವಷ್ಟು ಅಲರ್ಜಿಯನ್ನು ಉಂಟುಮಾಡಬಲ್ಲದು. ಮದುವೆಯ ತಿಂಗಳಲ್ಲಿ ಇಂತಹ ಹೊಸ ಪ್ರಯೋಗಗಳಿಗೆ ಕೈಹಾಕದಿರುವುದೇ ಒಳ್ಳೆಯದು.

ಹೂವಿನ ಕಾಲ ನಿಮಗೆ ಅನುಕೂಲವಾಗಿದೆ. ಮಲ್ಲಿಗೆ ಧಾರಾಳವಾಗಿ ಬಿಡುವುದು ಬೇಸಿಗೆಯಲ್ಲಿಯೇ. ಮಾರುಕಟ್ಟೆಯ ಹೂವು ನಮ್ಮಲ್ಲಿಗೆ ಹೆಚ್ಚಾಗಿ ಮೈಸೂರಿನ ಕಡೆಯಿಂದ ಬರುವುದರಿಂದ ಹೂವಿನವರಿಗೆ ವಾರದ ಮೊದಲೇ ಹೇಳಿಡಿ, ಬೆಳಗಿನ ಮುಹೂರ್ತಕ್ಕೆ ಅರಳದ ಬಿಗಿ ಮೊಗ್ಗನ್ನೇ ಕೇಳಿ. ವಸ್ತ್ರದ ಅಡಿಯಲ್ಲಿ ದಪ್ಪನೆಯ ದಂಡೆ ಮುಡಿದರೆ ಹೂವು ನಲುಗುತ್ತದೆ, ವಸ್ತ್ರವೂ ಎಬ್ಬಿಸಿದಂತೆ ಕಾಣುತ್ತದೆ. ತುರುಬಿನ ಸುತ್ತ ಒಂದು ಸುತ್ತು ಸಾಕು. ಸ್ಪ್ರೇ ಹೊಡೆದ ಮೇಲೆ ಹೂ ಮುಡಿಸಬೇಕೇ ಹೊರತು ಹೂ ಮುಡಿಸಿದ ಮೇಲೆ ಸ್ಪ್ರೇ ಹೊಡೆಯಬಾರದು. ಅದರಲ್ಲಿರುವ ಆಲ್ಕೋಹಾಲ್ ತಾಗಿದರೆ ಎಸಳು ಬೇಗ ಕಂದುತ್ತದೆ.

ಹಾಗಾದರೆ ಮೊಗ್ಗಿನ ಜಡೆಗೆ ಯಾವ ಹೊತ್ತು? ಆರತಕ್ಷತೆಯನ್ನು ಬೇರೆ ದಿನ ಇಟ್ಟುಕೊಂಡಿದ್ದರೆ ಅದೇ ಎಲ್ಲಕ್ಕಿಂತ ಸೂಕ್ತ. ಅಂದು ಸೆರಗನ್ನು ಎಡಕ್ಕೆ ಹಾಕುವ ಮೈಸೂರು ರೇಷ್ಮೆಯನ್ನೋ ಕಾಂಜೀವರಂ ಸೀರೆಯನ್ನೋ ಉಟ್ಟರೆ ಜಡೆಗೆ ಬೇಕಾದ ಬೆನ್ನೂ ಸಿಗುತ್ತದೆ, ತಲೆಯ ಮೇಲೆ ಹೊರುವುದೂ ಏನಿಲ್ಲ. ಆರತಕ್ಷತೆ ಇಲ್ಲವಾದರೆ ನಿಶ್ಚಿತಾರ್ಥದ ದಿನ ಹಾಕಿಸಿಕೊಳ್ಳಬಹುದು. ಹಿಂದಿನ ರಾತ್ರಿಯ ಊರುಕೂಡುವಿಕೆಗೆ ಮಾತ್ರ ಬೇಡವೆನ್ನುತ್ತೇನೆ: ಅಂದು ಮಲಗುವುದೇ ತಡ, ಜಡೆ ಬಿಚ್ಚಲು ಹೊತ್ತು ಬೇಕು, ಮರುದಿನ ನಸುಕಿನಲ್ಲೇ ಏಳಬೇಕು.

ಈ ಮಾತುಗಳು ಕೊಡವ ಪದ್ಧತಿಯ ಮದುವೆಗೆ ಸಂಬಂಧಿಸಿದವು. ಜಿಲ್ಲೆಯ ಬೇರೆ ಸಮುದಾಯಗಳಲ್ಲಿ ಬಾಸಿಂಗ ಕಟ್ಟುವ ಮನೆತನದವರಾದರೆ, ಬಾಸಿಂಗದ ದಾರ ತಲೆಯ ಹಿಂದೆ ಎಲ್ಲಿ ಹಾದುಹೋಗುತ್ತದೆ ಎಂದು ನೋಡಿಕೊಂಡು ತುರುಬಿನ ಅಥವಾ ಜಡೆಯ ಬುಡವನ್ನು ಅದರ ಕೆಳಗಿರಿಸಬೇಕು.

ಮದುವೆಗೆ ಎರಡು ಮೂರು ವಾರ ಮೊದಲು ಪಾರ್ಲರಿನಲ್ಲಿ ಒಮ್ಮೆ ಪೂರ್ತಿ ಅಲಂಕಾರ ಮಾಡಿಸಿ ನೋಡಿ. ಬರಿಗೈಯಲ್ಲಿ ಹೋಗಬೇಡಿ, ಅಂದು ಹೊದೆಯುವ ವಸ್ತ್ರ, ತೊಡುವ ಜೋಮಾಲೆ, ಅದೇ ಕೊರಳಿನ ರವಿಕೆ, ಇವಿಷ್ಟನ್ನು ಒಯ್ಯಿರಿ. ಸಾಧ್ಯವಾದರೆ ವಸ್ತ್ರ ಹೊದಿಸುವ ಚಿಕ್ಕಮ್ಮನನ್ನೋ ಅತ್ತೆಯನ್ನೋ ಜೊತೆಗೆ ಕರೆದೊಯ್ಯಿರಿ. ಅಲಂಕಾರ ಮುಗಿದ ಮೇಲೆ ಕನ್ನಡಿಯ ಮುಂದೆಯೇ ನಿಲ್ಲದೆ, ಹತ್ತು ಸಲ ಬಾಗಿ ಕಾಲು ಮುಟ್ಟುವಂತೆ ಮಾಡಿ, ಅಲ್ಲಿಂದ ಮನೆಗೆ ಬಂದು ಅರ್ಧ ಪಾತ್ರೆ ನೀರನ್ನು ತಲೆಯ ಮೇಲಿಟ್ಟು ಅಂಗಳದಲ್ಲಿ ನಡೆದು ನೋಡಿ. ಎಲ್ಲಿ ಚುಚ್ಚುತ್ತದೆ, ಎಲ್ಲಿ ಜಾರುತ್ತದೆ ಎಂಬುದು ಅಲ್ಲಿಯೇ ಗೊತ್ತಾಗಿಬಿಡುತ್ತದೆ. ಮದುವೆಗೆ ತಲೆಸ್ನಾನವನ್ನು ಹಿಂದಿನ ದಿನವೇ ಮಾಡಿ, ಏಕೆಂದರೆ ಆಗಷ್ಟೇ ತೊಳೆದ ಕೂದಲಿನಿಂದ ಪಿನ್ನು ಜಾರುತ್ತದೆ. ಮುಹೂರ್ತದ ದಿನ ತಲೆಸ್ನಾನ ಮಾಡಲೇಬೇಕಾದ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಕೂದಲು ಬುಡದವರೆಗೂ ಒಣಗಲು ಸಾಕಷ್ಟು ಮುಂಚೆ ಏಳಿ.

ಅಲಂಕಾರದವರು ಎಷ್ಟು ಪಿನ್ನು ಹಾಕಿದ್ದಾರೆಂದು ಕೇಳಿ ಬರೆದಿಟ್ಟುಕೊಳ್ಳಿ. ರಾತ್ರಿ ಬಿಚ್ಚುವಾಗ ಅಷ್ಟೂ ಸಿಕ್ಕವೇ ಎಂದು ಎಣಿಸಿದ ಮೇಲೆಯೇ ಬಾಚಣಿಗೆ ಹಿಡಿಯಿರಿ, ಆಗಲೂ ಬುಡದಿಂದ ಎಳೆಯದೆ ಬೆರಳಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುತ್ತ ಬನ್ನಿ.