ಸೌಹಾರ್ದ ಸಭೆಯ ವೇದಿಕೆಯಲ್ಲಿ ಮಹಿಳೆಯರಿಗೆ ಕುರ್ಚಿ ಏಕಿಲ್ಲ?

ಪ್ರಶ್ನೆ: ಕಾಸರಗೋಡಿನ ಸರ್ವಧರ್ಮ ಸಭೆಗಳ ವೇದಿಕೆಯಲ್ಲಿ ಮಹಿಳೆಯರು ಕಾಣಸಿಗುವುದೇ ಅಪರೂಪ. ಅವರಿಗೆ ಆಸಕ್ತಿಯಿಲ್ಲವೇ, ಕರೆಯುವವರಿಲ್ಲವೇ?

ಉತ್ತರ: ಕರೆಯುವ ಕ್ರಮದಲ್ಲಿಯೇ ತೊಡಕಿದೆ. ಇಂತಹ ಸಭೆಗೆ ಸ್ಥಾನ ನೋಡಿ ಕರೆಯುವುದು ರೂಢಿ: ದೇವಸ್ಥಾನದ ತಂತ್ರಿಗಳು, ಮಸೀದಿಯ ಖತೀಬರು, ಇಗರ್ಜಿಯ ಧರ್ಮಗುರುಗಳು. ಈ ಸ್ಥಾನಗಳಲ್ಲಿ ಪುರುಷರೇ ಇರುವುದರಿಂದ ವೇದಿಕೆಯೂ ಅವರದೇ ಆಗುತ್ತದೆ. ಆಮಂತ್ರಣ ಪತ್ರಿಕೆ ತೆರೆದು ನೋಡಿದರೆ ಮಹಿಳೆಯರ ಹೆಸರಿರುವುದು ಪ್ರಾರ್ಥನೆ, ನಿರೂಪಣೆ, ಹೆಚ್ಚೆಂದರೆ ಧನ್ಯವಾದದ ಸಾಲಿನಲ್ಲಿ. ಮಂಜೇಶ್ವರದ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಕ್ಷೇತ್ರದ ಪಾತ್ರಿಗಳು (ದೈವದ ಆವೇಶ ಹೊಂದುವವರು) ಮಸೀದಿಗೆ ಹೋಗಿ ಜಾತ್ರೆಗೆ ಆಹ್ವಾನ ನೀಡುವ ಸಂಪ್ರದಾಯ ನಮಗೆಲ್ಲ ಹೆಮ್ಮೆಯದು. ಅಲ್ಲಿಯೂ ಕರೆಯುವವರು, ಕರೆಸಿಕೊಳ್ಳುವವರು ಇಬ್ಬರೂ ಗಂಡಸರೇ.

1893ರ ಷಿಕಾಗೊ ಸರ್ವಧರ್ಮ ಸಮ್ಮೇಳನವೆಂದರೆ ನಮಗೆ ನೆನಪಾಗುವವರು ವಿವೇಕಾನಂದರು. ಅದೇ ಸಮ್ಮೇಳನದಲ್ಲಿ ಮುಂಬಯಿಯ ಜೀನ್ ಸೊರಾಬ್ಜಿ ಎಂಬ ಕ್ರೈಸ್ತ ಮಹಿಳೆ ಭಾರತದ ಸ್ತ್ರೀಯರ ಕುರಿತು ಮಾತನಾಡಿದ್ದರೆಂಬುದು ಎಷ್ಟು ಜನರಿಗೆ ಗೊತ್ತು?

ಸಂವಾದವೆಂದರೆ ಭಾಷಣವೊಂದೇ ಅಲ್ಲ. ವ್ಯಾಟಿಕನ್ 1991ರಲ್ಲಿ ಹೊರಡಿಸಿದ ದಾಖಲೆಯೊಂದು ಪಂಡಿತರ ಚರ್ಚೆಯ ಜೊತೆಗೆ ನೆರೆಹೊರೆಯ ಬದುಕನ್ನೂ ಒಟ್ಟಾಗಿ ಮಾಡುವ ಕೆಲಸವನ್ನೂ ಸಂವಾದದ ಬಗೆಗಳೆಂದೇ ಗುರುತಿಸುತ್ತದೆ. ಆ ಅಳತೆಯಲ್ಲಿ ನೋಡಿದರೆ, 1998ರಲ್ಲಿ ಆರಂಭವಾದ ಕೇರಳ ಸರಕಾರದ ಮಹಿಳಾ ಯೋಜನೆ ಕುಟುಂಬಶ್ರೀಯ ಅಯಲ್‌ಕೂಟ್ಟಗಳಲ್ಲಿ, ಎಂದರೆ ನೆರೆಹೊರೆಯ ಮಹಿಳೆಯರ ಗುಂಪುಗಳಲ್ಲಿ, ಈ ಕೆಲಸ ಸದ್ದಿಲ್ಲದೆ ನಡೆದಿದೆ. ಮಿಶ್ರ ನೆರೆಹೊರೆಯಲ್ಲಿ ಅದು ಮಿಶ್ರ ಕೂಟವೇ: ಯಾರದೋ ಮನೆಯ ಜಗಲಿಯಲ್ಲಿ ಚಾಪೆ ಹಾಸಿ, ಉಳಿತಾಯದ ಪುಸ್ತಕ ತಿರುವಿಹಾಕುತ್ತ, ರಂಜಾನ್ ತಿಂಗಳಲ್ಲಿ ಸಭೆಯನ್ನು ಯಾವ ಹೊತ್ತಿಗಿಡಬೇಕು, ದೈವದ ಕೋಲದ ದಿನ ಬ್ಯಾಂಕಿಗೆ ಯಾರು ಹೋಗಬೇಕು ಎಂಬುದನ್ನು ತುಳು, ಮಲಯಾಳ, ಕನ್ನಡ ಬೆರೆಸಿ ಮಾತನಾಡಿ ಮುಗಿಸುತ್ತಾರೆ. ಪರಸ್ಪರರ ಆಚರಣೆಯನ್ನು ಅರಿಯದೆ ಈ ಲೆಕ್ಕ ಹೊಂದುವುದಿಲ್ಲ.

ಆದರೆ ಇದನ್ನೇ ಹೊಗಳಿ ಸುಮ್ಮನಾಗುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಜಗಲಿ ಅವರಿಗೆ, ವೇದಿಕೆ ಇವರಿಗೆ ಎಂಬ ಹಂಚಿಕೆ ಹಾಗೆಯೇ ಉಳಿದುಬಿಡುತ್ತದೆ. 2010ರ ಚುನಾವಣೆಯಿಂದ ಕೇರಳದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿರುವಾಗ, ಸಭೆ ನಡೆಸಬಲ್ಲ ಮಹಿಳೆ ಸಿಗುವುದಿಲ್ಲವೆಂಬ ಮಾತು ನಿಲ್ಲುವುದಿಲ್ಲ. ಊರಿನ ಸಮಿತಿ ವಿಷಯವನ್ನೂ ಸಮಯವನ್ನೂ ನಿರ್ಧರಿಸುವ ಮೊದಲ ಸಭೆಗೇ ಅವರನ್ನು ಕರೆಯಬೇಕು. ಆಮಂತ್ರಣ ಪತ್ರಿಕೆ ಅಚ್ಚಾದ ಮೇಲೆ ಕರೆದರೆ ಉಳಿದಿರುವುದು ಪ್ರಾರ್ಥನೆಯ ಸಾಲು ಮಾತ್ರ.