ಮುಳ್ಳು ಚುಚ್ಚಿದ ಜಾಗಕ್ಕೆ ಓಡಿ ಬರುವವರು

ಕಾಲಿಗೆ ಮುಳ್ಳು ಹೊಕ್ಕರೆ ಮರುದಿನ ಆ ಜಾಗ ಕೆಂಪಾಗುತ್ತದೆ, ಊದುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಈ ನಾಲ್ಕು ಲಕ್ಷಣಗಳನ್ನು ಸುಮಾರು 2,000 ವರ್ಷಗಳ ಹಿಂದೆಯೇ ರೋಮ್‌ನ ಲೇಖಕ ಸೆಲ್ಸಸ್ ಬರೆದಿಟ್ಟಿದ್ದರು. ಆದರೆ ಚರ್ಮದ ಒಳಗೆ ನಡೆಯುವುದೇನು ಅನ್ನೋದು ತುಂಬಾ ಕಾಲ ಗೊತ್ತಿರಲಿಲ್ಲ.

1867ರಲ್ಲಿ ಜರ್ಮನಿಯ ರೋಗಶಾಸ್ತ್ರಜ್ಞ ಯೂಲಿಯಸ್ ಕೋನ್‌ಹೈಮ್ ಕಪ್ಪೆಯ ರಕ್ತನಾಳಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಕೂತರು. ಬಿಳಿ ರಕ್ತಕಣಗಳು ನಾಳದ ಗೋಡೆಗೆ ಅಂಟಿ, ನುಸುಳಿ ಹೊರಗೆ ಬರುತ್ತಿದ್ದವು. ಕೀವಿನಲ್ಲಿ ಇರುವುದು ಇವೇ ಕಣಗಳು ಎಂದು ಅವರು ತೋರಿಸಿದರು. ಆದರೆ ಬಂದು ಮಾಡುವುದೇನು? ರೋಗಾಣುಗಳನ್ನು ಹೊತ್ತು ಮೈಯೆಲ್ಲ ಹರಡುತ್ತವೆ ಎಂದೇ ಆಗಿನ ಅನೇಕ ವೈದ್ಯರು ತಿಳಿದಿದ್ದರು. ಕಾಪಾಡಲು ಬಂದವರ ಮೇಲೆಯೇ ಅನುಮಾನ!

ಆ ಅನುಮಾನ ಕಳೆದವರು ವೈದ್ಯರೇ ಅಲ್ಲ, ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕೋಫ್. 1882ರಲ್ಲಿ ಅವರು ಸಿಸಿಲಿಯ ಮೆಸ್ಸೀನಾದಲ್ಲಿದ್ದರು. ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದಾಗ ಒಬ್ಬರೇ ಕೂತು ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದರು. ಗಾಜಿನಂತೆ ಪಾರದರ್ಶಕವಾದ ಮರಿಗಳು. ತೋಟದಿಂದ ಗುಲಾಬಿ ಮುಳ್ಳು ತಂದು ಅವುಗಳ ಚರ್ಮದಡಿ ಚುಚ್ಚಿದರು. ಆ ರಾತ್ರಿ ಅವರಿಗೆ ನಿದ್ದೆಯೇ ಬರಲಿಲ್ಲ. ಬೆಳಗ್ಗೆ ನೋಡಿದರೆ ಅಲೆದಾಡುವ ಜೀವಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಈ ಮರಿಗೆ ರಕ್ತನಾಳಗಳೇ ಇಲ್ಲ. ಅಂದರೆ ಆ ಕೋಶಗಳು ಎಲ್ಲಿಂದಲೋ ಸೋರಿ ಬಂದದ್ದಲ್ಲ, ತಾವಾಗಿ ತೆವಳಿ ಬಂದದ್ದು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವ ಗಳಿಗೆ ಇದೇ.

ಜೀವಕೋಶಗಳು ರೋಗಾಣುಗಳನ್ನು ನುಂಗಿ ಕಾಪಾಡುತ್ತವೆ ಎಂಬುದು ಮೆಚ್ನಿಕೋಫ್ ವಾದ. ಇಲ್ಲ, ಕಾಪಾಡುವುದು ರಕ್ತದ್ರವದಲ್ಲಿನ ವಸ್ತುಗಳು ಎಂದು ಇನ್ನೊಂದು ಗುಂಪು. ಜಗಳ ವರ್ಷಗಟ್ಟಲೆ ನಡೆಯಿತು. ಎರಡೂ ನಿಜವೇ. 1908ರ ನೊಬೆಲ್ ಬಹುಮಾನವನ್ನು ಮೆಚ್ನಿಕೋಫ್ ಮತ್ತು ಎದುರು ಪಾಳಯದ ಪಾಲ್ ಎರ್ಲಿಖ್ ಹಂಚಿಕೊಂಡರು.

ಈಗ ಗೊತ್ತಿರುವಂತೆ, ಗಾಯವಾದ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ದಂಡಾಗಿ ಬರುತ್ತವೆ. ರೋಗಾಣುಗಳನ್ನು ನುಂಗಿ, ತಾವೂ ಸಾಯುತ್ತವೆ. ಕೀವಿನ ಬಹುಪಾಲು ಹೀಗೆ ಸತ್ತವರದೇ. ಆಮೇಲೆ ಬರುವ ಮ್ಯಾಕ್ರೋಫೇಜ್ ಎಂಬ ದೊಡ್ಡ ನುಂಗುಕೋಶಗಳು ಕಸ ಬಳಿದು, ಗಾಯ ಮಾಯುವ ಕೆಲಸಕ್ಕೆ ದಾರಿ ಮಾಡುತ್ತವೆ.

ಪೆಟ್ಟು ದೊಡ್ಡದಾದರೆ ಲೆಕ್ಕ ತಪ್ಪುವುದೂ ಉಂಟು. ನಮ್ಮ ಜೀವಕೋಶಗಳಲ್ಲಿ ಶಕ್ತಿ ಒದಗಿಸುವ ಪುಟ್ಟ ಭಾಗಗಳಾದ ಮೈಟೊಕಾಂಡ್ರಿಯಾ ಬಹಳ ಹಿಂದೆ ಬ್ಯಾಕ್ಟೀರಿಯಾಗಳಾಗಿದ್ದಂಥವು. ಕೋಶಗಳು ಜಜ್ಜಿಹೋದಾಗ ಮೈಟೊಕಾಂಡ್ರಿಯಾದ ಚೂರುಗಳು ರಕ್ತಕ್ಕೆ ಸೇರುತ್ತವೆ. ಬಿಳಿ ಕಣಗಳು ಇವನ್ನು ಬ್ಯಾಕ್ಟೀರಿಯಾ ಎಂದೇ ತಿಳಿದು ಕೆರಳುತ್ತವೆ ಎಂದು 2010ರಲ್ಲಿ ಒಂದು ಸಂಶೋಧನೆ ತೋರಿಸಿತು. ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡವರಿಗೆ ಸೋಂಕಿಲ್ಲದೆಯೂ ಜ್ವರ ಏರುವುದಕ್ಕೆ ಇದೂ ಒಂದು ಕಾರಣ.