ಮೇವು ತಿಂದು ಗಂಡಾಗುವ ಮೀನು

ತಿಲಾಪಿಯಾ ಸಾಕುವವರಿಗೆ ಮೀನು ಸಾಯುವ ಚಿಂತೆಗಿಂತ ಹುಟ್ಟುವ ಚಿಂತೆ ದೊಡ್ಡದು. ಹೊಂಡಕ್ಕೆ ಬಿಟ್ಟ ಮೂರ್ನಾಲ್ಕು ತಿಂಗಳಲ್ಲೇ ಹೆಣ್ಣುಗಳು ಮೊಟ್ಟೆಗೆ ಬರುತ್ತವೆ. ಇಟ್ಟ ಮೊಟ್ಟೆಯನ್ನು ತಾಯಿ ಬಾಯೊಳಗೇ ಇಟ್ಟುಕೊಂಡು ಮರಿ ಮಾಡುತ್ತದೆ. ಆ ದಿನಗಳಲ್ಲಿ ಅದು ಮೇವು ಮುಟ್ಟುವುದೇ ಅಪರೂಪ, ಹಾಗಾಗಿ ಮೈ ತುಂಬುವುದಿಲ್ಲ. ಮರಿಗಳು ಮಾತ್ರ ಅಮ್ಮನ ಬಾಯಿಯ ಕಾವಲಲ್ಲಿ ಚೆನ್ನಾಗಿ ಬದುಕಿಕೊಳ್ಳುತ್ತವೆ. ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಇದೇ ಕತೆ. ಕೊನೆಗೆ ಬಲೆ ಎಳೆದರೆ ಸಿಗುವುದು ಅಂಗೈಯಗಲದ, ಪೇಟೆಯಲ್ಲಿ ಯಾರೂ ಕೇಳದ ಮೀನಿನ ರಾಶಿ.

ನಮ್ಮ ಕೆರೆ, ಜಲಾಶಯಗಳಲ್ಲಿ ಸಿಗುವ ‘ಜಿಲೇಬಿ’ ಮೀನು ಇದೇ ಬಳಗದ್ದು. ಮೊಜಾಂಬಿಕ್ ತಿಲಾಪಿಯಾ ಭಾರತಕ್ಕೆ ಬಂದದ್ದು 1952ರಲ್ಲಿ. 1959ರ ಹೊತ್ತಿಗೆ ಇದನ್ನು ಇನ್ನು ಹರಡಬಾರದು ಎಂದು ನಿರ್ಬಂಧವೂ ಬಂತು. ಮೀನಿಗೆ ಆ ಸುತ್ತೋಲೆ ತಲುಪಲಿಲ್ಲ.

ಹೊಂಡದಲ್ಲಿ ಗಂಡುಗಳಷ್ಟೇ ಇದ್ದರೆ ಮರಿಯ ಕಾಟವಿಲ್ಲ, ಸಾಲದ್ದಕ್ಕೆ ಗಂಡು ಬೆಳೆಯುವುದೂ ಬೇಗ. ಮೊದಲು ಇದಕ್ಕಾಗಿ ಮರಿಗಳು ಸ್ವಲ್ಪ ಬೆಳೆದ ಮೇಲೆ ಒಂದೊಂದನ್ನೇ ಮಗುಚಿ, ಹೊಟ್ಟೆಯಡಿಯ ರಂಧ್ರ ನೋಡಿ ಆರಿಸುತ್ತಿದ್ದರು. ಪಳಗಿದ ಕಣ್ಣೂ ತಪ್ಪುತ್ತಿತ್ತು, ಅರ್ಧದಷ್ಟು ಮರಿ ದಂಡವಾಗುತ್ತಿತ್ತು. 1960ರಲ್ಲಿ ಇಂದಿನ ಮಲೇಷ್ಯಾದ ಮಲಾಕ್ಕಾದಲ್ಲಿ ಹಿಕ್ಲಿಂಗ್ ಎಂಬ ಮೀನು ವಿಜ್ಞಾನಿ ಎರಡು ಜಾತಿಯ ತಿಲಾಪಿಯಾ ಕೂಡಿಸಿ ಬರೀ ಗಂಡುಗಳೇ ಹುಟ್ಟಿದ್ದನ್ನು ವರದಿ ಮಾಡಿದರು. ಆದರೆ ಎರಡೂ ತಳಿಗಳನ್ನು ಬೆರಕೆಯಾಗದಂತೆ ವರ್ಷಗಟ್ಟಲೆ ಕಾಯುವುದು ಮರಿ ಮಾಡಿಸಿ ಮಾರುವ ಹ್ಯಾಚರಿಗಳಿಗೆ ಆಗದ ಮಾತಾಯಿತು.

ದಾರಿ ತೆರೆದುಕೊಂಡಿದ್ದು ಜಪಾನಿನ ಗದ್ದೆಯ ನೀರಿನ ಪುಟ್ಟ ಮೀನು ಮೆಡಾಕಾದಿಂದ. ನಗೋಯಾ ವಿಶ್ವವಿದ್ಯಾಲಯದ ಟೋಕಿಯೋ ಯಮಮೋಟೊ ಅವರ ಬಳಿ ಈ ಮೀನಿನ ಒಂದು ವಿಶೇಷ ತಳಿಯಿತ್ತು. ಕಿತ್ತಳೆ ಬಣ್ಣದ್ದು ಗಂಡು, ಬಿಳಿಯದು ಹೆಣ್ಣು, ಏಕೆಂದರೆ ಕಿತ್ತಳೆ ಬಣ್ಣದ ಜೀನ್ ಇದ್ದದ್ದು ವೈ ವರ್ಣತಂತುವಿನ ಮೇಲೆ. ಮರಿಗಳಿಗೆ ಹೆಣ್ಣು ಹಾರ್ಮೋನ್ ಬೆರೆಸಿದ ಮೇವು ಕೊಟ್ಟಾಗ ಕಿತ್ತಳೆ ಮೀನುಗಳೇ ಮೊಟ್ಟೆಯಿಟ್ಟವು. ವಂಶವಾಹಿ ಗಂಡು ಎನ್ನುತ್ತಿದೆ, ಮೈ ಹೆಣ್ಣಾಗಿದೆ, ಮರಿಗಳೂ ಆಗಿವೆ! 1953ರಲ್ಲಿ ಪ್ರಕಟವಾದ ಈ ಕೆಲಸದ ಬೆನ್ನಲ್ಲೇ, 1958ರಲ್ಲಿ, ಅವರು ಗಂಡು ಹಾರ್ಮೋನ್ ಕೊಟ್ಟು ಹೆಣ್ಣನ್ನು ಗಂಡಾಗಿಸಿಯೂ ತೋರಿಸಿದರು.

ಇದು ಸಾಧ್ಯವಾಗುವುದು ಮರಿಯ ಲೈಂಗಿಕ ಗ್ರಂಥಿ ಇನ್ನೂ ಯಾವ ಕಡೆಗೂ ವಾಲದಿರುವ ಹೊತ್ತಿನಲ್ಲಿ. ಹೊಂಡಗಳಲ್ಲಿ ಹೆಚ್ಚಾಗಿ ಸಾಕುವ ನೈಲ್ ತಿಲಾಪಿಯಾದಲ್ಲಿ ನಮ್ಮಂತೆಯೇ ಎಕ್ಸ್‌ಎಕ್ಸ್ ಹೆಣ್ಣು, ಎಕ್ಸ್‌ವೈ ಗಂಡು. ಆದರೆ ಮೀನಿನಲ್ಲಿ ವರ್ಣತಂತುವಿನದು ಮೊದಲ ಮಾತೇ ಹೊರತು ಕೊನೆಯದಲ್ಲ. ಎಕ್ಸ್‌ಎಕ್ಸ್ ಮರಿಯೊಳಗೆ ಆರೊಮಟೇಸ್ ಎಂಬ ಕಿಣ್ವ ಗಂಡು ಹಾರ್ಮೋನನ್ನು ಈಸ್ಟ್ರೊಜೆನ್ ಆಗಿ ಬದಲಿಸುತ್ತದೆ, ಆ ಈಸ್ಟ್ರೊಜೆನ್ ಅಂಡಾಶಯ ಕಟ್ಟುತ್ತದೆ. ಅದಕ್ಕೂ ಮೊದಲೇ ಹೊರಗಿನಿಂದ ಗಂಡು ಹಾರ್ಮೋನ್ ಸುರಿದರೆ ಅಲ್ಲಿ ವೃಷಣ ಮೂಡುತ್ತದೆ. ನೀರಿನ ಶಾಖವನ್ನು 36 ಡಿಗ್ರಿಯ ಆಸುಪಾಸಿಗೆ ಏರಿಸಿದರೂ ಈ ಕಿಣ್ವ ತಗ್ಗಿ ಗಂಡುಗಳ ಪಾಲು ಹೆಚ್ಚುತ್ತದೆ, ಆದರೆ ಫಲಿತಾಂಶ ತಳಿಯಿಂದ ತಳಿಗೆ ಬೇರೆ.

ಹ್ಯಾಚರಿಗಳ ಪಾಕ ಇಷ್ಟು: ಒಂದು ಕಿಲೋ ನುಣ್ಣನೆಯ ಮೇವಿಗೆ ಸುಮಾರು 60 ಮಿಲಿಗ್ರಾಂ ಮಿಥೈಲ್ ಟೆಸ್ಟೊಸ್ಟೆರೋನ್. ಇದು ನೀರಿನಲ್ಲಿ ಸರಿಯಾಗಿ ಕರಗದ ಕಾರಣ ಆಲ್ಕೊಹಾಲಿನಲ್ಲಿ ಕರಗಿಸಿ, ಮೇವಿಗೆ ಸಿಂಪಡಿಸಿ ಬೆರೆಸಿ, ನೆರಳಲ್ಲಿ ಒಣಗಿಸುತ್ತಾರೆ. ಸಹಜ ಟೆಸ್ಟೊಸ್ಟೆರೋನ್ ಹೊಟ್ಟೆಗೆ ಹೋದರೆ ಯಕೃತ್ತು ಬೇಗ ಒಡೆದುಹಾಕುತ್ತದೆ. 1930ರ ದಶಕದಲ್ಲಿ ತಯಾರಾದ ಈ ಕೃತಕ ರೂಪದ್ದು ಅಷ್ಟು ಬೇಗ ಒಡೆಯದ ರಚನೆ. ತಾಯಿಯ ಬಾಯಿಂದ ತೆಗೆದ ಮೊಟ್ಟೆಗಳು ಒಡೆದು, ಮರಿಗಳು ಮೊದಲ ತುತ್ತು ತೆಗೆದುಕೊಳ್ಳುವ ದಿನದಿಂದಲೇ ಈ ಮೇವು ಶುರು. 21ರಿಂದ 28 ದಿನ, ದಿನಕ್ಕೆ ಹಲವು ಸಲ. ಸರಿಯಾಗಿ ಮಾಡಿದರೆ ನೂರಕ್ಕೆ 95ಕ್ಕೂ ಹೆಚ್ಚು ಗಂಡು. ಜಾಸ್ತಿ ಹಾಕಿದರೆ ಜಾಸ್ತಿ ಗಂಡು ಎಂದುಕೊಂಡವರಿಗೆ ಒಂದು ಎಚ್ಚರಿಕೆ: ಪ್ರಮಾಣ ತೀರಾ ಮಿತಿಮೀರಿದರೆ ಪರಿಣಾಮವೇ ತಿರುಗಿ ಹೆಣ್ಣುಗಳು, ಬಂಜೆ ಮೀನುಗಳು ಬರುವುದುಂಟು.

‘ಹಾರ್ಮೋನ್ ಮೀನು’ ಎಂದ ಕೂಡಲೇ ತಟ್ಟೆ ಪಕ್ಕಕ್ಕೆ ಸರಿಸುವವರಿದ್ದಾರೆ. ಅವರಿಗಾಗಿ ಒಂದು ಲೆಕ್ಕ. ಮರಿ ಆ ಮೂರ್ನಾಲ್ಕು ವಾರದಲ್ಲಿ ಒಂದು ಗ್ರಾಂ ಮೇವು ತಿಂದಿತು ಎಂದೇ ಇಟ್ಟುಕೊಳ್ಳೋಣ. ಅದರ ಹೊಟ್ಟೆ ಸೇರುವ ಹಾರ್ಮೋನ್ 60 ಮೈಕ್ರೊಗ್ರಾಂ. ಮನುಷ್ಯರಿಗೆ ವೈದ್ಯರು ಕೊಡುತ್ತಿದ್ದ ಇದೇ ಔಷಧದ ಒಂದು ಮಾತ್ರೆಯಲ್ಲಿ 10 ಮಿಲಿಗ್ರಾಂ, ಅಂದರೆ ನೂರೈವತ್ತು ಪಟ್ಟಿಗೂ ಹೆಚ್ಚು. ಆ 60 ಮೈಕ್ರೊಗ್ರಾಮೂ ಮೀನಿನೊಳಗೆ ಉಳಿಯುವುದಿಲ್ಲ. ಹಾರ್ಮೋನ್ ಮೇವು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅದು ಮೈಯಿಂದ ಹೊರಬೀಳುತ್ತದೆ. ಆಮೇಲೆ ಮೀನು ತಿಂಗಳುಗಟ್ಟಲೆ ಸಾದಾ ಮೇವು ತಿಂದು, ಅರ್ಧ ಗ್ರಾಮಿನಷ್ಟಿದ್ದದ್ದು ಅರ್ಧ ಕಿಲೋ ಆಗಿ ಮಾರುಕಟ್ಟೆಗೆ ಬರುತ್ತದೆ. ತಿನ್ನುವವರು ಹೆದರಬೇಕಾದ ಕಾರಣ ನನಗಂತೂ ಕಾಣುವುದಿಲ್ಲ.

ಹೊರಬಿದ್ದದ್ದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಮರಿಗಳು ತಿನ್ನದೆ ಬಿಟ್ಟ ಮೇವು ಮತ್ತು ಅವುಗಳ ಹಿಕ್ಕೆ ತಳಕ್ಕೆ ಇಳಿಯುತ್ತವೆ. ಕೆಸರಿನಲ್ಲಿ ಈ ಹಾರ್ಮೋನ್ ನೀರಿಗಿಂತ ಹೆಚ್ಚು ಕಾಲ, ವಾರಗಟ್ಟಲೆ ಉಳಿಯುತ್ತದೆ. ಮಣ್ಣಿನ ಹೊಂಡದಲ್ಲಿ ಬಲೆಪಂಜರ ಕಟ್ಟಿ ಅದರೊಳಗೆ ಮರಿಗಳಿಗೆ ಹಾರ್ಮೋನ್ ಉಣಿಸುವ ಕಡೆ, ಅದೇ ನೀರಿನ ಬೇರೆ ಜೀವಿಗಳಿಗೂ ಇದರ ಪಾಲು ಸಿಗುತ್ತದೆ. ಇನ್ನು ಪುಡಿ ತೂಗಿ ಬೆರೆಸುವ ಕೆಲಸಗಾರ. ಕೈಗವಸು, ಮುಖಗವಸು ಇಲ್ಲದೆ ದಿನವೂ ಈ ಕೆಲಸ ಮಾಡುವವನಿಗೆ ತಗಲುವ ಹಾರ್ಮೋನಿನ ಮುಂದೆ ಮೀನು ತಿನ್ನುವವನದು ಏನೇನೂ ಅಲ್ಲ. ಹೆಣ್ಣುಮಕ್ಕಳು, ಅದರಲ್ಲೂ ಗರ್ಭಿಣಿಯರು, ಈ ಪುಡಿಯಿಂದ ದೂರ ಇರಲೇಬೇಕು. ಚರ್ಚೆಯೆಲ್ಲ ಊಟದ ತಟ್ಟೆಯ ಸುತ್ತಲೇ ನಡೆಯುವುದರಿಂದ ಈ ಕೆಲಸಗಾರ ಯಾರ ಕಣ್ಣಿಗೂ ಬೀಳುವುದಿಲ್ಲ.

ತಿನ್ನುವ ಮೀನಿಗೆ ಹಾರ್ಮೋನ್ ಮುಟ್ಟಿಸದೆ ಗಂಡುಗಳನ್ನಷ್ಟೇ ಪಡೆಯುವ ಜಾಣ ಉಪಾಯವೂ ಇದೆ. ಎಕ್ಸ್‌ವೈ ಮರಿಗೆ ಹೆಣ್ಣು ಹಾರ್ಮೋನ್ ಕೊಟ್ಟು ಹೆಣ್ಣಾಗಿಸಿ, ಅದನ್ನು ಮಾಮೂಲಿ ಗಂಡಿನೊಡನೆ ಕೂಡಿಸಿದರೆ ನಾಲ್ಕರಲ್ಲೊಂದು ಮರಿ ವೈವೈ ಆಗುತ್ತದೆ. ಈ ‘ಸೂಪರ್ ಗಂಡು’ ಯಾವ ಮಾಮೂಲಿ ಹೆಣ್ಣನ್ನು ಕೂಡಿದರೂ ಹುಟ್ಟುವುದೆಲ್ಲ ಎಕ್ಸ್‌ವೈ. ಮೊಜಾಂಬಿಕ್ ತಿಲಾಪಿಯಾದಲ್ಲಿ ಇಂಥ ಸೂಪರ್ ಗಂಡನ್ನು ಮದುರೈ ಕಾಮರಾಜ್ ವಿಶ್ವವಿದ್ಯಾಲಯದ ಟಿ. ಜೆ. ಪಾಂಡಿಯನ್ ಮತ್ತು ವರದರಾಜ್ 1989ರಲ್ಲಿ ವರದಿ ಮಾಡಿದರು. ನೈಲ್ ತಿಲಾಪಿಯಾದಲ್ಲಿ ಇದನ್ನು ರೈತರ ಹೊಂಡದವರೆಗೆ ಒಯ್ದದ್ದು ಫಿಲಿಪ್ಪೀನ್ಸ್ ಮತ್ತು ವೇಲ್ಸ್‌ನ ಸ್ವಾನ್ಸಿಯ ತಂಡ. ತೊಡಕು ಏನೆಂದರೆ ವೈವೈ ಯಾವುದು, ಎಕ್ಸ್‌ವೈ ಯಾವುದು ಎಂದು ನೋಡಿ ಹೇಳಲಾಗದು. ಮರಿ ಮಾಡಿಸಿ, ಅವು ಬೆಳೆದ ಮೇಲೆ ಗಂಡು ಹೆಣ್ಣು ಎಣಿಸಿ ಪತ್ತೆ ಮಾಡಬೇಕಿತ್ತು. ಅದಕ್ಕೆ ತಲೆಮಾರುಗಳೇ ಬೇಕು. ಹಾರ್ಮೋನ್ ಪುಡಿಯಾದರೆ ಮೂರ್ನಾಲ್ಕು ವಾರದ ಕೆಲಸ, ಖರ್ಚೂ ಕಡಿಮೆ. ಹಾಗಾಗಿ ಬಹುತೇಕ ಹ್ಯಾಚರಿಗಳು ಇಂದಿಗೂ ಪುಡಿಯನ್ನೇ ನೆಚ್ಚಿವೆ.

ಭಾರತ ಸರ್ಕಾರ 2009ರಲ್ಲಿ ನಿಯಮ ರೂಪಿಸಿ ತಿಲಾಪಿಯಾ ಸಾಕಣೆಗೆ ಮತ್ತೆ ಬಾಗಿಲು ತೆರೆದಾಗ, ಗಂಡು ಮರಿಗಳನ್ನು ಇಲ್ಲವೇ ಬಂಜೆ ಮರಿಗಳನ್ನು ಮಾತ್ರ ಬಿಡಬೇಕೆಂಬ ಷರತ್ತು ಹಾಕಿತು. ತಪ್ಪಿಸಿಕೊಂಡರೂ ಸಂತಾನ ಬೆಳೆಯದಿರಲಿ ಎಂಬುದು ಉದ್ದೇಶ. ಆದರೆ ಹಾರ್ಮೋನಿನಿಂದಾದ ಗಂಡು ಬಂಜೆಯಲ್ಲ. ಹೊಂಡದ ಗಂಡುಗಳಲ್ಲಿ ಹೆಚ್ಚುಕಡಿಮೆ ಅರ್ಧ, ಮೈಯಲ್ಲಿ ಗಂಡಾದ ಎಕ್ಸ್‌ಎಕ್ಸ್ ಮೀನುಗಳು. ಮಳೆಗಾಲದಲ್ಲಿ ಹೊಂಡ ಉಕ್ಕಿ ಅಂಥದ್ದೊಂದು ತನ್ನದೇ ಜಾತಿ ನೆಲೆಸಿರುವ ಕೆರೆ ಸೇರಿ ಅಲ್ಲಿನ ಹೆಣ್ಣನ್ನು ಕೂಡಿದರೆ, ತಾಯಿಯ ಕಡೆಯಿಂದಲೂ ಎಕ್ಸ್, ತಂದೆಯ ಕಡೆಯಿಂದಲೂ ಎಕ್ಸ್. ಹುಟ್ಟುವ ಮರಿಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು.